ಹಳ್ಳದ ಬಾಯಿಯ ಮೀನು

ಫ್ರಿಜ್ಜಿನ ಬಾಗಿಲು ತೆಗೆದ ಕೂಡಲೇ ಒಳಗಿನ ದೀಪ ಹತ್ತಿಕೊಂಡದ್ದೂ ಗುರುಬಸವರಾಜನಿಗೆ ಯಾರೋ ತನ್ನನ್ನು ಹಿಡಿದುಹಾಕಿದ ಹಾಗೆ ಅನ್ನಿಸಿತು. ಹಿಂದಕ್ಕೆ ತಿರುಗಿ ನೋಡಿದ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅವ್ವ ದೇವರ ಕೋಣೆಯಲ್ಲಿ ಲಿಂಗಪೂಜೆಗೆ ಕೂತಿದ್ದಳು. ಅವಳ ಬಾಯಿಯ ಮಣಮಣ ಮಾತ್ರ ಕೇಳುತ್ತಿತ್ತು. ಫ್ರಿಜ್ಜಿನಲ್ಲಿ ಹಾಲಿಲ್ಲ, ಮೊಸರಿಲ್ಲ, ಸೊಪ್ಪಿಲ್ಲ. ಮಗ ಕೆರೆಯ ಮೀನು ತಂದು ಫ್ರಿಜ್ಜಿನ ಹೊಟ್ಟೆಯೊಳಗಿಟ್ಟ ದಿನವೇ ಅವ್ವ ಅನ್ನಪೂರ್ಣಮ್ಮ ತನ್ನ ಪಾತ್ರೆಗಳನ್ನೆಲ್ಲ ಅದರಿಂದ ಹೊರಗೆ ತೆಗೆದಿದ್ದಳು. ಅಂದಿನಿಂದ ಹಾಲು ತಣ್ಣೀರಿನ ಬೋಗುಣಿಯಲ್ಲಿ ಕೂರುತ್ತದೆ, ಸೊಪ್ಪು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಾಡುತ್ತದೆ, ಫ್ರಿಜ್ಜಿನ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದಿದೆ. ಜಗಳವಾಡಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಜಗಳವಾಡಲಿಲ್ಲ. 'ನಿನ್ನ ಕೆಲಸ ಕಣಪ್ಪ, ಏನ್ ಮಾಡಾಕಾಗ್ತೈತೆ' ಎಂದು ಸುಮ್ಮನಾದಳು. ಆ ಸುಮ್ಮನಿರುವಿಕೆಯಲ್ಲೇ ಅವನು ಎರಡು ವರ್ಷದಿಂದ ಊಟ ಮಾಡುತ್ತಿದ್ದ. ಮೇಲಿನ ಖಾನೆಯ ಸ್ಟೀಲ್ ಡಬ್ಬಿ ಎಳೆದು ಮುಚ್ಚಳ ತೆಗೆದ. ಒಳಗೆ ಒಂದೇ ಒಂದು ಪೊಟ್ಟಣ ಉಳಿದಿತ್ತು, ಲ್ಯಾಬಿಗೆ ಕಳಿಸಿದ ಮೀನುಗಳ ಜೊತೆಯದು, ಬೇಕಾದರೆ ಇರಲಿ ಎಂದು ಹಿಂದೆ ಉಳಿಸಿಕೊಂಡದ್ದು. ಬೆಳ್ಳಿ ಬಣ್ಣದ ಹಾಳೆಯ ಮೇಲೆ ಅವನದೇ ಅಕ್ಷರದ ಚೀಟಿ: ಜಿಲೇಬಿ ಮೀನು, ಸಿದ್ದನಹಳ್ಳದ ಬಾಯಿ, ಕೆಳಗೆ ಉದ್ದದ ಅಳತೆ. ಅಕ್ಷರ ತನ್ನದೇ. ಆದರೆ ಮಡಿಕೆ? ಎರಡೂ ತುದಿ ಒಳಕ್ಕೆ ಮಡಚಿ, ಮತ್ತೆ ಎರಡೂ ಬದಿ ಅದರ ಮೇಲೆ ಮಡಚಿ, ಹೊಲಕ್ಕೆ ಒಯ್ಯುವ ರೊಟ್ಟಿ ಬುತ್ತಿಯ ಹಾಗೆ ಅಚ್ಚುಕಟ್ಟಾಗಿ ಕಟ್ಟಿದ ಇಂಥ ಮಡಿಕೆ ಯಾರದು?

ಈ ಮಡಿಕೆಯ ವಿಷಯ ಅವನ ತಲೆಗೆ ಹುಳುವಾಗಿ ಬಿಟ್ಟವನು ಪ್ರವೀಣ್ ಕುಮಾರ. ಕೆರೆಯ ನೀರಿಗೂ ಕೆರೆಗೆ ಬಂದು ಬೀಳುವ ಹಳ್ಳಗಳಿಗೂ ತೋಟ ಗದ್ದೆಗಳ ಔಷಧಿ ಎಷ್ಟು ಹರಿದು ಬರುತ್ತದೆಂದು ನೋಡುವ ಕೆಲಸವನ್ನು ದಾವಣಗೆರೆಯ ಒಂದು ಲ್ಯಾಬು ಹಿಡಿದಿತ್ತು. ನೀರು, ಕೆಸರು, ಮೀನು ತಂದುಕೊಡುವುದು ಚನ್ನಗಿರಿಯ ಗುರುಬಸವರಾಜ. ಅದನ್ನು ಅರೆದು ಸೋಸಿ ಯಂತ್ರಕ್ಕೆ ಹಾಕುವುದು ಪ್ರವೀಣ್ ಕುಮಾರ. ನಿನ್ನೆ ಸಂಜೆ ಫೋನು ಮಾಡಿ, 'ಸಿದ್ದನಹಳ್ಳದ ನೀರಿನಾಗೆ ಬೇರುಹುಳುವಿನ ಔಷಧಿ ಬಂದೈತೆ ಸಾರ್, ಹೋದ ವರ್ಷದಕ್ಕಿಂತ ಜಾಸ್ತಿನೇ. ಕೆಸರಿನಾಗೂ ಐತೆ. ಆದ್ರೆ ಮೀನಿನಾಗೆ ಏನೇನೂ ಇಲ್ಲ. ತೊಳೆದಿಟ್ಟಂಗೆ ಐತೆ' ಎಂದಿದ್ದ. ಆಮೇಲೆ ನಕ್ಕು, 'ಪೊಟ್ಟಣ ಮಾತ್ರ ಬಲೇ ಚೆಂದ ಕಟ್ಟಿದ್ರಿ ಈ ಸಲ' ಎಂದು ಸೇರಿಸಿದ್ದ. ಆ ನಗುವಿನಲ್ಲಿ ಏನಿತ್ತು? ಗುರುಬಸವರಾಜ ರಾತ್ರಿಯ ಊಟದಲ್ಲಿ ಅದನ್ನೇ ಅಗಿದ. ಆ ಮೀನು ಬಂದದ್ದು ಶ್ರಾವಣದಲ್ಲಿ. ಅಂದು ಅವನಿಗೆ ಕೆರೆಗೆ ಹೋಗಲು ಆಗಿರಲಿಲ್ಲ. ಹೆಂಡತಿ ರಮ್ಯಶ್ರೀಗೆ ಬಿಳಿಚೋಡಿನ ಹೈಸ್ಕೂಲಿಗೆ ವರ್ಗವಾಗಿ, ಜಗಳೂರಿನಲ್ಲಿ ಬಾಡಿಗೆ ಮನೆ ಹಿಡಿದು ಸಾಮಾನು ಇಳಿಸಿ ಬರಬೇಕಿತ್ತು. ಹಳ್ಳದ ಬಾಯಿಯಲ್ಲಿ ಬಲೆ ಬಿಡುವ ದುರುಗಕ್ಕನೇ ಮೀನು ಹಿಡಿದು, ಅವನು ಕೊಟ್ಟಿದ್ದ ಹಾಳೆಯಲ್ಲಿ ಸುತ್ತಿ, ಐಸಿನ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿ ಕಳಿಸಿದ್ದಳು. ಇವನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಂಡು, ಗಡಿಬಿಡಿಯಲ್ಲಿ ಹಾಳೆಯ ಮೇಲಿಂದಲೇ ಅಳತೆ ನೋಡಿ ಚೀಟಿ ಅಂಟಿಸಿ ಫ್ರಿಜ್ಜಿಗೆ ತಳ್ಳಿ ಜಗಳೂರಿನ ಹಾದಿ ಹಿಡಿದಿದ್ದ. ಅಂದರೆ ದುರುಗಕ್ಕ, ಬಸ್ಸಿನ ಕಂಡಕ್ಟರ್, ಪ್ರವೀಣ್ ಕುಮಾರ, ಇಷ್ಟು ಕೈ. ಈ ಮೂರೂ ಕೈಯ ಹಿಂದೆ ಇನ್ನೊಂದು ಕೈ ಇದ್ದರೆ ಅದು ಸೋದರಮಾವ ಮಹೇಶ್ವರಪ್ಪನದು. ಸಂಶಯ ಎನ್ನುವುದು ಅವನಿಗೆ ಹೊಸದೇನೂ ಅಲ್ಲ. ಹೋಟೆಲಿನಲ್ಲಿ ಪಕ್ಕದ ಮೇಜಿನವರು ನಕ್ಕರೆ ತನ್ನ ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುವ ಜಾತಿಯವನು ಅವನು.

ಇಂದು ಮಧ್ಯಾಹ್ನ ಕೆರೆ ಊರಿನ ಪಂಚಾಯ್ತಿಯಲ್ಲಿ ಸಭೆ. ಲ್ಯಾಬಿನ ಮುಖ್ಯಸ್ಥೆ ಪ್ರೇಮಲತಾ ಮೇಡಂ ವರದಿ ಓದುತ್ತಾರೆ. ಮೀನಿನಲ್ಲಿ ವಿಷವಿಲ್ಲ ಎಂದು ಓದಿದರೆ ಸಿದ್ದನಹಳ್ಳದ ಪರೀಕ್ಷೆ ನಿಲ್ಲುತ್ತದೆ, ಹಳ್ಳದ ಅಂಚಿನ ತೋಟಗಳಿಗೆ ಔಷಧಿ ಉಣ್ಣಿಸಬಾರದು ಎಂದು ಪಂಚಾಯ್ತಿ ಹೊರಡಿಸಲು ಇಟ್ಟುಕೊಂಡಿದ್ದ ಕಟ್ಟಳೆಯೂ ಅಲ್ಲಿಗೇ ಬಿತ್ತು. ಮೀನು ಎಂದಿನಂತೆ ಬುಟ್ಟಿಗೆ, ಬುಟ್ಟಿಯಿಂದ ಒಲೆಗೆ, ಒಲೆಯಿಂದ ಮಕ್ಕಳ ತಟ್ಟೆಗೆ ಹೋಗುತ್ತದೆ. ಮೀನು ಬದಲಾಗಿದೆ ಎಂದು ಅವನು ಎದ್ದು ಹೇಳಿದರೆ, ಯಾರು ಬದಲಾಯಿಸಿದರು ಎಂದು ಕೇಳುತ್ತಾರೆ. ಮಧ್ಯಾಹ್ನದೊಳಗೆ ಅವನಿಗೆ ಒಂದು ಹೆಸರು ಬೇಕಾಗಿತ್ತು. ಫ್ರಿಜ್ಜಿನ ಬಾಗಿಲು ಮುಚ್ಚಿದ. ಇದನ್ನು ಮದುವೆಯಲ್ಲಿ ಉಡುಗೊರೆ ಕೊಟ್ಟವನು ಮಹೇಶ್ವರಪ್ಪ ಮಾವನೇ ಎನ್ನುವುದು ಆಗ ನೆನಪಾಯಿತು. ಏನೂ ಸಂಬಂಧವಿಲ್ಲದ ಆ ನೆನಪೂ ಅವನಿಗೆ ಒಂದು ಸಾಕ್ಷಿಯ ಹಾಗೆ ಕಂಡಿತು.

ಮಹೇಶ್ವರಪ್ಪನದು ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಗೊಬ್ಬರ ಮತ್ತು ಔಷಧಿಯ ಅಂಗಡಿ. ಸಿದ್ದನಹಳ್ಳದ ಅಂಚಿನಲ್ಲಿ ತೋಟವೂ ಇತ್ತು. ಅಂಗಡಿಯ ಮುಂದೆ ನಿಂತರೆ ಮೂಗಿನೊಳಗೆ ಏನೋ ಸಿಹಿ ಸಿಹಿಯಾಗಿ ಉರಿಯುತ್ತಿತ್ತು. ಚಿಕ್ಕವನಿದ್ದಾಗ ಗುರುಬಸವರಾಜ ಶಾಲೆ ಬಿಟ್ಟವನೇ ಇಲ್ಲಿಗೆ ಬಂದು ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಆಡುತ್ತಿದ್ದ. ಮಾವ ಅವನ ಕೈ ತೊಳೆಸಿ ಬೆಲ್ಲದ ಚೂರು ಕೊಡುತ್ತಿದ್ದ. ಇದೇ ಕೈ, ಇದೇ ಮಾವ. ಅವನೇ ಕಟ್ಟಿದ ತನ್ನ ಓದಿನ ಫೀಜಿಗೂ ಈ ವಾಸನೆ ಹತ್ತಿರಬೇಕು. 'ಬಾರಪ್ಪ, ಮೀನಿನ ಸಾಹೇಬ' ಎಂದು ಮಹೇಶ್ವರಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕರೆದ. ಎದುರು ಬೆಂಚಿನಲ್ಲಿ ಕೂತಿದ್ದ ರೈತರಿಬ್ಬರು ನಕ್ಕರು. ಈ ಹೆಸರು ಊರಿಗೆಲ್ಲ ಹಬ್ಬಿದ್ದೂ ಇಲ್ಲಿಂದಲೇ. ನಂಟರ ಮದುವೆಯೊಂದರಲ್ಲಿ ಪಂಕ್ತಿಗೆ ಕೂತಾಗ ಬಡಿಸುವವನು ಇವನ ಎಲೆಯ ಮುಂದೆ ತಡೆದು, 'ಇವರಿಗೆ ನಮ್ಮ ಕೋಸಂಬ್ರಿ ರುಚಿಸ್ತೈತಾ?' ಎಂದು ಮಾವನ ಮುಖ ನೋಡಿದ್ದು, ಮಾವ ಬಿದ್ದು ಬಿದ್ದು ನಕ್ಕದ್ದು, ಅವ್ವ ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ ಅನ್ನ ಕಲಸಿದ್ದೇ ಕಲಸಿದ್ದು.

'ಮೀನು ಕ್ಲೀನ್ ಬಂದೈತಂತಲ್ಲೋ ಬಸಣ್ಣ' ಎಂದ ಮಾವ.

'ನಿಮಗೆ ಯಾರು ಹೇಳಿದ್ರು ಮಾವ? ವರದಿ ಇನ್ನೂ ಓದಿಲ್ಲ.'

'ಯಾರು ಹೇಳ್ಬೇಕೋ. ಊರಿಗೇ ಗೊತ್ತೈತೆ. ಪಂಚಾಯ್ತಿಗೆ ನಿಮ್ಮ ಮೇಡಮ್ಮೇ ಫೋನ್ ಮಾಡಿ, ಮೀನಿನವರಿಗೆ ಒಳ್ಳೆ ಸುದ್ದಿ ಅಂದ್ರಂತೆ. ಚಾ ಕುಡಿ.'

ಚಹಾ ಬಂತು. ಕಪ್ಪಿನ ಅಂಚಿನಲ್ಲಿ ಬಿಳಿಯ ಒಂದು ಕಲೆ ಇತ್ತು. ಹಾಲಿನ ಕೆನೆಯೇ ಇರಬೇಕು. ಗುರುಬಸವರಾಜ ಕಪ್ಪನ್ನು ಕೈಯಲ್ಲಿ ಹಿಡಿದೇ ಕೂತ. ಮಾವ ಅದನ್ನು ನೋಡಿದ. ನೋಡಿ ಅರ್ಥ ಮಾಡಿಕೊಂಡ. ಅವನ ಮುಖದ ನಗು ಇಳಿದುಹೋದದ್ದನ್ನು ಕಂಡು ಗುರುಬಸವರಾಜನಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಮತ್ತೆ ಸಿಟ್ಟು ಬಂತು. 'ನಾನು ಮಾರೋದು ಲೈಸೆನ್ಸ್ ಇರೋ ಮಾಲು ಕಣೋ' ಎಂದ ಮಹೇಶ್ವರಪ್ಪ ತಗ್ಗಿದ ದನಿಯಲ್ಲಿ. 'ಹಳ್ಳಕ್ಕೆ ಹೋಗಿ ಸುರೀರಿ ಅಂತ ಯಾರಿಗೂ ಹೇಳಿಲ್ಲ. ನಂದೂ ತೋಟ ಐತೆ, ನಾನೂ ಹುಯ್ದೀನಿ. ಅದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ. ಆದ್ರೆ ಮೀನು ಕದಿಯೋ ಗತಿ ನನಗೆ ಬಂದಿಲ್ಲ.' ಕದಿಯುವ ಮಾತನ್ನು ಇವನಿನ್ನೂ ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೇ? ಅಥವಾ ತನ್ನ ಮುಖವೇ ಅದನ್ನು ಹೇಳಿಬಿಟ್ಟಿತೇ? ಕುಡಿಯದ ಚಹಾವನ್ನು ಬೆಂಚಿನ ಮೇಲಿಟ್ಟು ಎದ್ದು ಬಂದ.

ಕೆರೆಯ ಹಾದಿಯುದ್ದಕ್ಕೂ ಬೈಕಿನ ಮೇಲೆ ಅವನು ಮಾವನನ್ನು ಬಿಟ್ಟು ದುರುಗಕ್ಕನನ್ನು ಹಿಡಿದ. ಯೋಚಿಸಿದಷ್ಟೂ ಅದೇ ಸರಿಯೆನಿಸಿತು. ಮೀನಿನಲ್ಲಿ ವಿಷ ಎಂದರೆ ಮೊದಲು ಮುಳುಗುವವಳು ಅವಳು. ಹೋದ ವರ್ಷ ಹಾಗೊಂದು ಗಾಳಿಸುದ್ದಿ ಎದ್ದಾಗ ಅವಳ ಬುಟ್ಟಿಯ ಹತ್ತಿರ ನೊಣ ಬಿಟ್ಟರೆ ಯಾರೂ ಸುಳಿದಿರಲಿಲ್ಲ. ಬೇರೆ ಕಡೆಯ ಮೀನು ತಂದು ಸುತ್ತಿಕೊಟ್ಟಿದ್ದಾಳೆ. ಕೆರೆಯ ಆ ಕಡೆಯದೋ, ಕಟ್ಟೆಯ ಕೆಳಗಿನದೋ. ಕೆರೆ ಬಂತು. ಆ ದಡ ಕಾಣದ ನೀರು, ಬೆಳಗಿನ ಬಿಸಿಲಿಗೆ ಎಲ್ಲವನ್ನೂ ಒಪ್ಪಿಕೊಂಡಂತೆ ಸುಮ್ಮನೆ ಮಲಗಿತ್ತು. ಮೂರು ಕಡೆಯಿಂದ ಹಳ್ಳಗಳು ಬಂದು ಇದಕ್ಕೆ ಏನೇನೋ ಉಣ್ಣಿಸುತ್ತವೆ. ಇದು ಯಾವುದನ್ನೂ ಮುಖದಲ್ಲಿ ತೋರಿಸುವುದಿಲ್ಲ. ಅವನಿಗೆ ಈ ಕೆರೆಯ ಮೇಲೂ ನಂಬಿಕೆ ಇರಲಿಲ್ಲ.

ದುರುಗಕ್ಕ ಏರಿಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಐವತ್ತರ ಹೆಂಗಸು, ಕೈಯ ಚರ್ಮ ನೀರಿಗೆ ನೆನೆದು ನೆನೆದು ಬೆಳ್ಳಗಾಗಿತ್ತು. ಮುಂದೆ ನಾಲ್ಕಾರು ಜನ ಗಿರಾಕಿಗಳು. ನ್ಯಾಮತಿ ಕಡೆಯವನೊಬ್ಬ ಎರಡು ಮೀನು ಆರಿಸಿ ಕೈಯಲ್ಲಿ ಹಿಡಿದಿದ್ದ. ಪಕ್ಕಕ್ಕೆ ಕರೆದು ಕೇಳಬೇಕೆಂದು ಗುರುಬಸವರಾಜ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಬಾಯಿ ಬೇರೆಯದೇ ಮಾಡಿತು.

'ದುರುಗಕ್ಕ, ಶ್ರಾವಣದಾಗೆ ಕೊಟ್ಟ ಮೀನು ಎಲ್ಲಿಂದ ತಂದಿದ್ದೆ?'

'ಎಲ್ಲಿಂದ ಅಂದ್ರೆ? ಹಳ್ಳದ ಬಾಯಿಯಿಂದ. ನೀವೇ ಹೇಳಿದ್ರಲ್ಲ ಸಾರ್.'

'ಹಳ್ಳದ ಬಾಯಿಯ ನೀರಿನಾಗೆ ವಿಷ ಐತೆ, ನೀನು ಕೊಟ್ಟ ಮೀನಿನಾಗೆ ಇಲ್ಲ. ಹೆಂಗೆ?'

ನ್ಯಾಮತಿಯವನು ಕೈಯಲ್ಲಿದ್ದ ಮೀನು ನೋಡಿದ. ನೋಡಿ, ಮೆಲ್ಲಗೆ ಬುಟ್ಟಿಗೆ ಹಾಕಿ ಪಂಚೆಗೆ ಕೈ ಒರೆಸಿಕೊಂಡ. ಉಳಿದವರೂ ಒಬ್ಬೊಬ್ಬರಾಗಿ ಹಿಂದೆ ಸರಿದರು. ದುರುಗಕ್ಕ ಅವರನ್ನು ತಡೆಯಲಿಲ್ಲ. ಬುಟ್ಟಿಯ ಮೇಲೆ ಒದ್ದೆ ಗೋಣಿ ಎಳೆದು ಎದ್ದು ನಿಂತಳು. 'ನಾನು ಬೇರೆ ಮೀನು ಕೊಟ್ಟೆ ಅಂತೀರಾ?' ಎಂದಳು. ದನಿ ಏರಲಿಲ್ಲ. 'ನಮ್ಮನೆ ಒಲೆ ಮೇಲೂ ಈ ಮೀನೇ ಬೇಯ್ತೈತೆ ಸಾರ್. ಮಗಳು ಬಸುರಿ ಅದಾಳೆ, ದಿನಾ ಉಣ್ತಾಳೆ. ಅದ್ರಾಗೆ ಏನೈತೆ ಅಂತ ನಿಮಗಿಂತ ಮೊದ್ಲು ನನಗೆ ಗೊತ್ತಾಗ್ಬೇಕು. ಸುಳ್ಳು ಮೀನು ಕೊಟ್ಟು ನಾನು ಯಾರನ್ನ ಉಳಿಸ್ಕಂಬೇಕು?' ಆ ಮಾತು ನೇರ ಎದೆಗೆ ಬಂದು ತಾಗಿತು. ತಾಗಿದ ಮಾತಿಗೆ ತಲೆಬಾಗುವುದು ಗೊತ್ತಿದ್ದರೆ ಅವನು ಗುರುಬಸವರಾಜ ಹೇಗಾದಾನು? 'ಅದನ್ನೆಲ್ಲ ಸಭೆಯಾಗೆ ಹೇಳು' ಎಂದು ಬೈಕು ತಿರುಗಿಸಿದ. ಅವಳ ಕಣ್ಣು ತನ್ನ ಬೆನ್ನಿನ ಮೇಲಿದೆ ಎನ್ನಿಸಿ, ಏರಿ ಮುಗಿಯುವವರೆಗೂ ಬೆನ್ನು ನೆಟ್ಟಗೆ ಮಾಡಿಕೊಂಡೇ ಓಡಿಸಿದ.

ಊಟಕ್ಕೆ ಕೂತಾಗಲೂ ಅದೇ. ಅವ್ವ ರೊಟ್ಟಿ ಬಡಿದು ತಟ್ಟೆಗೆ ಹಾಕುತ್ತಿದ್ದಳು. ರಮ್ಯಶ್ರೀಗೆ ಫೋನು ಮಾಡಿ, ನೀನೇನಾದರೂ ಮೀನಿನ ಡಬ್ಬಿ ಮುಟ್ಟಿದ್ದೆಯಾ ಎಂದು ಕೇಳಿ ಬೈಸಿಕೊಂಡದ್ದೂ ಆಗಿತ್ತು. 'ನನ್ನ ಮೇಲೂ ಶುರುವಾಯ್ತಾ ನಿಮ್ಮದು? ನಾನು ಅವತ್ತು ನಿಮ್ಮ ಜೊತೆನೇ ಸಾಮಾನು ಹೊರ್ತಿದ್ದೆ' ಎಂದು ಅವಳು ಫೋನಿಟ್ಟಿದ್ದಳು. ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಗುರುಬಸವರಾಜ ಅವ್ವನಿಗೆ ಎಲ್ಲವನ್ನೂ ಹೇಳಿದ. ಅವಳಿಗೆ ಹೇಳುವುದೆಂದರೆ ಗೋಡೆಗೆ ಹೇಳಿದ ಹಾಗೆ, ಎದುರು ಮಾತು ಬರುವುದಿಲ್ಲವೆಂಬ ಧೈರ್ಯ. 'ಸಭೆಯಾಗೆ ದುರುಗಕ್ಕನ ಹೆಸರು ಹೇಳ್ತೀನಿ. ಮೀನಿನ ಸೊಸೈಟಿಯವರು ಅವಳ ಬಲೆ ಎತ್ತಿಸ್ತಾರೆ. ಹಳ್ಳದ ಬಾಯಿ ಬೇರೆಯವರಿಗೆ ಕೊಡ್ತಾರೆ. ಕೊಡ್ಲಿ. ಮೋಸ ಅಂದ್ರೆ ಮೋಸ.' ಬಡಿಯುತ್ತಿದ್ದ ಕೈ ನಿಂತಿತು. ಒಲೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಅನ್ನಪೂರ್ಣಮ್ಮ ಅದನ್ನು ಎತ್ತಲಿಲ್ಲ.

'ಅವಳದ್ದೇನೂ ತಪ್ಪಿಲ್ಲ ಕಣೋ' ಎಂದಳು.

ಅವನು ತಲೆಯೆತ್ತಿ ನೋಡಿದ. ಅವ್ವ ಮಗನ ಕಡೆ ನೋಡದೆ, ಹಿಟ್ಟು ಮೆತ್ತಿದ ಕೈಗಳನ್ನೇ ನೋಡಿಕೊಂಡು ಹೇಳುತ್ತ ಹೋದಳು. 'ನೀನು ಜಗಳೂರಿಗೆ ಹೋಗಿದ್ಯಲ್ಲ. ಸೋಮವಾರ ಸ್ವಾಮಿಗಳು ಪಾದಪೂಜೆಗೆ ಬರೋರಿದ್ರು. ಅದನ್ನ ಮನ್ಯಾಗೆ ಇಟ್ಕಂಡು ಹೆಂಗೆ ಅವರ ಪಾದ ತೊಳೀಲಿ? ಮನಸ್ಸು ಬರ್ಲಿಲ್ಲ. ಡಬ್ಬಿ ತಗಂಡೋಗಿ ಹಿತ್ತಲಾಗೆ, ಬಚ್ಚಲ ಹಿಂದೆ ಇಟ್ಟೆ. ಮ್ಯಾಲೆ ಕಲ್ಲು ಹೇರಿದ್ದೆ. ಒಂದು ಗಳಿಗೆ ಅಲ್ವಾ, ಪೂಜೆ ಮುಗಿದ ಮ್ಯಾಲೆ ಒಳಗಿಟ್ರಾತು ಅಂದ್ಕಂಡೆ. ಸ್ವಾಮಿಗಳು ಪ್ರಸಾದ ಮಾಡಿ ಎದ್ದು ಹೋದ್ರು. ಹೋಗಿ ನೋಡ್ತೀನಿ, ಕಲ್ಲು ಇತ್ತು, ಡಬ್ಬಿ ಮಗ್ಗುಲಾಗಿ ಬಿದ್ದಿತ್ತು, ಮೀನು ಇರ್ಲಿಲ್ಲ, ಹಾಳೆ ಚೀಟಿ ಅಷ್ಟೇ ಬಿದ್ದಿದ್ವು. ಬೆಕ್ಕೋ ನಾಯಿನೋ. ನನ್ನ ಜೀವನೇ ಹೋದಂಗಾತು. ನಿನ್ನ ಕೆಲಸ ಹೋಗ್ತೈತಲ್ಲ ಅಂತ.'

'ಆಮೇಲೆ?'

'ಆಮೇಲೇನು. ಇಲ್ಲಿ ತಗಂಡ್ರೆ ಊರ ತುಂಬ ಡಂಗುರ. ಹೊನ್ನಾಳಿ ಬಸ್ ಹತ್ತಿದೆ. ಅಲ್ಲಿ ನನ್ನ ಗುರ್ತು ಯಾರಿಗೈತೆ? ಲಿಂಗದ ಕರಡಿಗೆ ಕುಪ್ಪಸದೊಳಗೆ ಹಾಕ್ಕಂಡು, ಸೆರಗು ತಲೆ ತುಂಬ ಹೊದ್ಕಂಡೆ. ಹೊಳೆ ಸೇತುವೆ ಹತ್ರ ಮಾರ್ತಿದ್ರು. ಎರಡು ಸಲ ಮುಂದಕ್ಕೆ ಹೋದೆ, ಎರಡು ಸಲ ವಾಪಸ್ ಬಂದೆ. ಚೀಟಿಯಾಗೆ ಜಿಲೇಬಿ ಅಂತ ಬರ್ದಿದ್ಯಲ್ಲ, ಆ ಹೆಸರು ಹೇಳಾಕೆ ಅಷ್ಟು ಕಷ್ಟ ಆಗ್ಲಿಲ್ಲ. ಉದ್ದನೂ ಬರ್ದಿದ್ದೆ. ಗೇಣು ಹಾಕಿ ಅಳೆದು ತಗಂಡೆ. ಮಾರೋ ಹುಡುಗಿ ನಕ್ಕಳು, ಏನಜ್ಜಿ ರವಿಕೆ ಬಟ್ಟೆ ಅಳ್ದಂಗೆ ಅಳೀತೀಯಲ್ಲ ಅಂದ್ಳು. ಚೀಲದಾಗೆ ಹಾಕಿ ಮ್ಯಾಲೆ ಸೊಪ್ಪು ಮುಚ್ಚಿದೆ. ಬಸ್ಸಿನಾಗೆ ಯಾರೋ ವಾಸನೆ ಅಂದ್ರು. ನಾನೂ ಮೂಗು ಮುಚ್ಕಂಡೆ.'

ಅವನಿಗೆ ನಗಬೇಕೋ ಕೂಗಬೇಕೋ ತಿಳಿಯಲಿಲ್ಲ. ಅರವತ್ತೆಂಟು ವರ್ಷ ಮೊಟ್ಟೆಯ ಅಂಗಡಿಯ ಮುಂದೆ ಹಾಯುವಾಗಲೂ ಸೀರೆ ಎತ್ತಿ ಹಿಡಿದು ನಡೆದವಳು. ಹೊಳೆಯ ದಂಡೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಸತ್ತ ಮೀನಿಗೆ ಗೇಣು ಹಾಕಿದ ಆ ಕೈಯೇ ಈಗ ತನಗೆ ರೊಟ್ಟಿ ಬಡಿಯುತ್ತಿದೆ. ಬುತ್ತಿಯ ಮಡಿಕೆ. ಇಡೀ ಬೆಳಗು ಕಣ್ಣ ಮುಂದಿತ್ತು. ಶಾಲೆಗೆ ಹೋಗುವಾಗಿಂದ ಬಿಚ್ಚಿ ತಿಂದ ಮಡಿಕೆ. ಮಾವನನ್ನು, ಲ್ಯಾಬಿನವನನ್ನು, ಹೆಂಡತಿಯನ್ನು, ದುರುಗಕ್ಕನನ್ನು ಸಾಲಾಗಿ ನಿಲ್ಲಿಸಿದವನಿಗೆ ಅವ್ವ ಕಾಣಲೇ ಇಲ್ಲ. ಅವಳನ್ನು ಸಂಶಯಿಸುವಷ್ಟೂ ಅವನು ಲೆಕ್ಕಕ್ಕಿಟ್ಟಿರಲಿಲ್ಲ.

'ಅವ್ವ, ಅದು ಹೊಳೆ ಮೀನು' ಎಂದ.

'ಮೀನು ಮೀನೇ ಅಲ್ವೇನೋ' ಎಂದಳು ಅನ್ನಪೂರ್ಣಮ್ಮ. ಅವಳ ಮುಖದಲ್ಲಿ ನಿಜವಾಗಿಯೂ ತಿಳಿಯದವರ ಗಾಬರಿ ಇತ್ತು. 'ಸಕ್ರೆ ತೀರಿದ್ರೆ ಪಕ್ಕದ ಮನೆಯಿಂದ ತಂದು ತುಂಬಿಡಲ್ವಾ? ಹಂಗೇ ಅಂದ್ಕಂಡೆ. ಅದ್ಕೂ ಇದ್ಕೂ ಫರಕು ಐತೆ ಅಂತ ನಾನು ಹೆಂಗೆ ತಿಳೀಲಿ? ನನಗೆ ಎಲ್ಲಾನೂ ಒಂದೇ ಥರ ಕಂಡ್ವು.' ಸೀದ ರೊಟ್ಟಿಯನ್ನು ಎತ್ತಿ ಪಕ್ಕಕ್ಕಿಟ್ಟು, 'ಆ ಹೆಣ್ಮಗಳ ಹೆಸರು ಮಾತ್ರ ಹೇಳಬ್ಯಾಡ' ಎಂದಳು. ತನ್ನ ಹೆಸರು ಹೇಳು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಪಂಚಾಯ್ತಿಗೆ ಹೋಗುವ ಹಾದಿಯಲ್ಲಿ ಅವನು ಹಾವೂ ಸಾಯದ, ಕೋಲೂ ಮುರಿಯದ ಒಂದು ಮಾತು ಕಟ್ಟಿಕೊಂಡ. ಕರೆಂಟು ಹೋಗಿತ್ತು, ಮೀನು ಕೆಟ್ಟಿರಬಹುದು, ಆ ಫಲಿತಾಂಶ ಬಿಟ್ಟು ಹೊಸದಾಗಿ ಹಿಡಿಯೋಣ. ಶ್ರಾವಣದಲ್ಲಿ ಕರೆಂಟು ಹೋಗದ ದಿನ ಯಾವುದು? ಯಾರ ಹೆಸರೂ ಬೇಡ. ಸಭೆ ತುಂಬಿತ್ತು. ಮುಂದಿನ ಕುರ್ಚಿಗಳಲ್ಲಿ ತೋಟದವರು, ಅವರ ನಡುವೆ ಮಹೇಶ್ವರಪ್ಪ. ಗೋಡೆಗೆ ಒರಗಿ ಮೀನಿನ ಸೊಸೈಟಿಯವರು. ಬಾಗಿಲ ಹೊಸ್ತಿಲ ಬಳಿ, ಒಳಗೂ ಅಲ್ಲ ಹೊರಗೂ ಅಲ್ಲದ ಹಾಗೆ ದುರುಗಕ್ಕ. ಬೆಳಗಿನ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಅವಳ ಸುತ್ತ ಎರಡು ಮಾರು ಜಾಗ ಖಾಲಿ ಇತ್ತು. ಪ್ರೇಮಲತಾ ಮೇಡಂ ನೀರಿನದು ಓದಿದರು, ಕೆಸರಿನದು ಓದಿದರು. ಮೀನಿನದಕ್ಕೆ ಬಂದಾಗ ಗುರುಬಸವರಾಜ ಎದ್ದು ನಿಂತು ಕರೆಂಟಿನ ಕಥೆ ಹೇಳಿದ. ಚೆನ್ನಾಗಿಯೇ ಹೇಳಿದ. ಮೇಡಂ ತಲೆಯಾಡಿಸಿ ಏನೋ ಬರೆದುಕೊಂಡರು. ಅವನು ಕೂರುವುದರಲ್ಲಿದ್ದ.

'ಹಂಗಾದ್ರೆ ನಾನು ಕೊಟ್ಟಿದ್ದು ಕೆರೆ ಮೀನೇ ತಾನೆ?' ಎಂದಳು ದುರುಗಕ್ಕ ಹೊಸ್ತಿಲಿನಿಂದ.

'ಹೌದು' ಎಂದ.

'ಬೆಳಿಗ್ಗೆ ಅಲ್ಲ ಅಂದ್ರಿ. ಜನದ ಮುಂದೆ ಅಂದ್ರಿ. ಈಗ ಹೌದು ಅಂತೀರಿ. ನಡುವೆ ಏನಾತು ಅಂತನೂ ಜನದ ಮುಂದೆನೇ ಹೇಳ್ರಿ.'

ಅಡ್ಡಗೋಡೆಯ ಮೇಲೆ ದೀಪ ಇಡಲು ಹೊರಟವನಿಗೆ ಅಡ್ಡಗೋಡೆಯೇ ಸಿಗಲಿಲ್ಲ. ಎಲ್ಲರೂ ನೋಡುತ್ತಿದ್ದರು. ಯಾರಿಗೂ ಅವನ ಕರೆಂಟಿನ ಮೇಲೆ ನಂಬಿಕೆಯಿಲ್ಲ ಎನ್ನುವುದು ಆ ಮುಖಗಳಲ್ಲಿ ಓದುವಷ್ಟು ದಪ್ಪಕ್ಷರದಲ್ಲಿತ್ತು. ತಾನು ಲೋಕವನ್ನು ನೋಡುತ್ತಿದ್ದ ಕಣ್ಣಿನಲ್ಲೇ ಲೋಕ ಈಗ ತನ್ನನ್ನು ನೋಡುತ್ತಿದೆ. ಮಾವನನ್ನು ನೋಡಿದ. ಮಾವ ಒಂದು ಹುಬ್ಬು ಎತ್ತಿದ್ದ. ಎದೆಯೊಳಗೆ ಅವ್ವ ಸೆರಗು ಹೊದ್ದು ಸೇತುವೆಯ ಹತ್ತಿರ ಮುಂದಕ್ಕೂ ಹಿಂದಕ್ಕೂ ನಡೆದಳು. 'ಲ್ಯಾಬಿಗೆ ಹೋದ ಮೀನು ಕೆರೆಯದಲ್ಲ' ಎಂದ. 'ದುರುಗಕ್ಕ ಕೊಟ್ಟ ಮೀನು ನಮ್ಮ ಮನೆಯಾಗೆ ಕಳೀತು. ನಮ್ಮವ್ವ ಹೊನ್ನಾಳಿಗೆ ಹೋಗಿ ಬೇರೆ ಮೀನು ಕೊಂಡು ತಂದು ಇಟ್ಟಿದ್ರು. ನನ್ನ ಕೆಲಸ ಹೋಗಬಾರದು ಅಂತ. ಅವರಿಗೆ ಮೀನು ಗೊತ್ತಿಲ್ಲ.' ಹಿಂದಿನಿಂದ ಯಾರೋ ಕಿಸಕ್ಕೆಂದರು. ಅನ್ನಪೂರ್ಣಮ್ಮನೋರಾ? ಮೀನು ಕೊಂಡ್ರಾ? ನಗು ಕುರ್ಚಿಯಿಂದ ಕುರ್ಚಿಗೆ ಹಾಯ್ದು ಮುಂದಿನ ಸಾಲಿಗೂ ಬಂತು. ಮಹೇಶ್ವರಪ್ಪನೂ ನಕ್ಕ. ನಗುತ್ತ ನಗುತ್ತಲೇ ಟವೆಲಿನಿಂದ ಕಣ್ಣು ಒರೆಸಿಕೊಂಡ. ತಂಗಿಯ ಮಾನ ಹೋದದ್ದಕ್ಕೋ, ನಗು ಹೆಚ್ಚಾದದ್ದಕ್ಕೋ ಹೇಳುವುದು ಕಷ್ಟ. ನಗದೇ ಕೂತವಳು ದುರುಗಕ್ಕ ಒಬ್ಬಳೇ.

ನಾಳೆಯೇ ಹೊಸ ಮೀನು ಹಿಡಿಸಿ ನೇರ ದಾವಣಗೆರೆಗೆ ತರಬೇಕು, ಅಲ್ಲಿಯವರೆಗೆ ಕಟ್ಟಳೆಯ ಮಾತು ಹಾಗೇ ಇರಲಿ ಎಂದು ಮೇಡಂ ಗಂಟುಮುಖದಲ್ಲಿ ಹೇಳಿ ಎದ್ದರು. ಗುರುಬಸವರಾಜ ಮೆಟ್ಟಿಲಿನ ಬಳಿ ದುರುಗಕ್ಕನನ್ನು ತಡೆದು, 'ನಾಳೆ ಬೆಳಿಗ್ಗೆ ಬರ್ತೀನಿ' ಎಂದ. ತಪ್ಪಾಯಿತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ಉಳಿಯಿತು.

'ನಿಮ್ಮ ಕೈಗೆ ಕೊಡಲ್ಲ' ಎಂದಳು ಅವಳು. 'ಹೊತ್ತಾರೆ ಅಲ್ಲ ಅಂದಿದ್ದನ್ನ ಮಧ್ಯಾಹ್ನ ಹೌದು ಅಂತೀರಿ ನೀವು. ನಿಮ್ಮವ್ವಾರನ್ನ ಕಳ್ಸ್ರಿ. ಹೊನ್ನಾಳಿ ತನಕ ಹೋಗಿದ್ದೋರು, ಕೆರೆ ತನಕ ಬರಾಕೆ ಆಗಲ್ವಾ?'

ಸಂಜೆ ಮನೆಗೆ ಬಂದಾಗ ಅನ್ನ ಬಸಿಯುತ್ತಿದ್ದ ಅವ್ವ ತಿರುಗಲಿಲ್ಲ. ಅವನು ಹೇಳಿದ. ಹೇಳುವಾಗ ತನಗೆ ಬೇಕಾದ್ದನ್ನು ಬಿಟ್ಟು ಹೇಳುವ ಆಸೆಯಾಯಿತು, ಆದರೂ ಎಲ್ಲವನ್ನೂ ಹೇಳಿದ.

'ನಕ್ರಾ?'

'ನಕ್ಕರು.'

'ಅಣ್ಣ?'

'ಮಾವನೂ ನಕ್ಕರು.'

ಅವಳು ಗಂಜಿಯ ಪಾತ್ರೆಯನ್ನು ಪಕ್ಕಕ್ಕೆ ಸರಿಸಿಟ್ಟಳು. ಕತ್ತಿನ ಕರಡಿಗೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. 'ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗ್ಬೇಕಾ?' ಎಂದಷ್ಟೇ ಕೇಳಿದಳು.

ಮರುದಿನ ಏರಿಯ ಮೇಲೆ ಮುಂಚಿನ ಹಾಗೆ ಜನ ಇರಲಿಲ್ಲ. ಇದ್ದ ಕೆಲವರು ಬಂದದ್ದು ಮೀನಿಗಲ್ಲ, ಅನ್ನಪೂರ್ಣಮ್ಮನನ್ನು ನೋಡಲಿಕ್ಕೆ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಸೆರಗನ್ನು ತಲೆಯ ಮೇಲಿನಿಂದ ಇಳಿಸಿ ಹೆಗಲಿಗೆ ಹಾಕಿ, ಕರಡಿಗೆ ಎಲ್ಲರಿಗೂ ಕಾಣುವಂತೆ ಎದೆಯ ಮೇಲೆ ಬಿಟ್ಟುಕೊಂಡು ಅವಳು ನಡೆದು ಬಂದಳು. ಕೈಯಲ್ಲಿ ತೊಳೆದು ಬೆಳಗಿದ ಆ ಸ್ಟೀಲ್ ಡಬ್ಬಿ. ಗುರುಬಸವರಾಜ ಐಸಿನ ಪೆಟ್ಟಿಗೆ ಹೊತ್ತು ಹಿಂದೆ ಬಂದ. 'ನಿನ್ನ ಹೆಸರು ಕೆಡಿಸ್ದೆ ತಾಯಿ' ಎಂದಳು ಅನ್ನಪೂರ್ಣಮ್ಮ. 'ಕೆಡಿಸಿದ್ದು ನೀವಲ್ಲ ಬಿಡ್ರಮ್ಮ' ಎಂದಳು ದುರುಗಕ್ಕ. ಅಷ್ಟೇ ಮಾತು. ಹಳ್ಳದ ಬಾಯಿಯಿಂದ ಆಗಷ್ಟೇ ಎತ್ತಿದ ಮೀನು ಇನ್ನೂ ಬಾಲ ಬಡಿಯುತ್ತಿತ್ತು. ದುರುಗಕ್ಕ ಒಂದೊಂದನ್ನೇ ಹಾಳೆಯಲ್ಲಿ ಇಟ್ಟುಕೊಟ್ಟಂತೆ ಅನ್ನಪೂರ್ಣಮ್ಮ ಕಣ್ಣು ಮುಚ್ಚದೆ ಎರಡೂ ಕೈಯಲ್ಲಿ ತೆಗೆದುಕೊಂಡು ಬುತ್ತಿಯ ಹಾಗೆ ಮಡಚಿದಳು. ಮಡಿಕೆ ನೆಟ್ಟಗೆ ಬಂತು. ದುರುಗಕ್ಕ ಡಬ್ಬಿಯ ಮುಚ್ಚಳಕ್ಕೆ ಬಲೆಯ ದಾರ ಸುತ್ತಿ ಬಲೆಯವರಷ್ಟೇ ಬಲ್ಲ ಗಂಟು ಹಾಕಿ, 'ಇದನ್ನ ಅಲ್ಲಿಯವರೇ ಬಿಚ್ಚಲಿ' ಎಂದು ಐಸಿನ ಪೆಟ್ಟಿಗೆಯೊಳಗೆ ಇಳಿಸಿದಳು.

ದಾವಣಗೆರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅನ್ನಪೂರ್ಣಮ್ಮ ಐಸಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅದರ ತಣ್ಣೀರು ಇಳಿದು ಸೀರೆ ಒದ್ದೆಯಾಗುತ್ತಿತ್ತು. ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡರು. ಈ ಸಲ ಅವಳು ಮುಚ್ಚಿಕೊಳ್ಳಲಿಲ್ಲ. ಗುರುಬಸವರಾಜನ ಕಣ್ಣು ಪೆಟ್ಟಿಗೆಯ ಮೇಲೇ ಇತ್ತು. ಗಂಟು ಸರಿಯಾಗಿದೆಯೇ, ಏರಿಯ ಮೇಲಿನ ಗದ್ದಲದಲ್ಲಿ ಮೀನು ಎಲ್ಲವೂ ಹಳ್ಳದ ಬಾಯಿಯದೇ ಇದ್ದವೇ, ಒಮ್ಮೆ ಮುಚ್ಚಳ ಎತ್ತಿ ನೋಡಿದರೆ? ಬೇಡವೆಂದರೂ ಆ ಸಂಶಯ ಎದ್ದು ಬಂತು, ಹಾಳು ಮನಸ್ಸು. 'ಭಾರ ಆಗ್ತೈತೆ ಅವ್ವ, ಇಲ್ಲಿ ಕೊಡು' ಎಂದು ಕೈ ಚಾಚಿದ.

ಅವ್ವ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಪೆಟ್ಟಿಗೆಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು ಎರಡೂ ಕೈಯನ್ನು ಅದರ ಮೇಲಿಟ್ಟಳು.

'ಇರ್ಲಿ ಬಿಡಪ್ಪ' ಎಂದಳು. 'ನನ್ನ ಹತ್ರನೇ ಇರ್ಲಿ.'